ಎರಡು ಬಾಯಿಗಳ ಮಾತು

ಅರ್ಧ ದಿಬ್ಬದ ಮೇಲೆ, ಅರ್ಧ ಹೊಳೆಯ ದಂಡೆಯಲ್ಲಿ ಕೂತ ಊರು ಅದು. ದಿಬ್ಬದ ನೆತ್ತಿಯಲ್ಲಿ ಒಂದು ಅಂಗಳ. ಅಂಗಳದ ಪಡುವಣ ಅಂಚಿಗೆ ಒಂದು ಕರಿಕಲ್ಲಿನ ಗೋಡೆ. ಅದು ಮನೆಯ ಗೋಡೆಯಲ್ಲ, ಕೋಟೆಯ ಗೋಡೆಯಲ್ಲ. ಹಿಂದೆ ಮುಂದೆ ಏನೂ ಇಲ್ಲದೆ, ಕೇಳಿಸಿಕೊಳ್ಳುತ್ತ ನಿಂತಿತ್ತು.

ಆ ಊರಲ್ಲಿ ಒಬ್ಬರು ಆಡಿದ ಮಾತು ಗಾಳಿಗೆ ಹೋಗುತ್ತಿತ್ತು. ಅಂಗಳದಲ್ಲಿ ಎರಡು ಬಾಯಿ ಒಂದೇ ಮಾತನ್ನು ಒಂದೇ ಉಸಿರಿಗೆ ಆಡಿದರೆ ಮಾತ್ರ ಅದು ಗೋಡೆಯ ಮೇಲೆ ಕೂರುತ್ತಿತ್ತು. ಕನ್ನಡಿಗೆ ಬಾಯಿ ಹತ್ತಿರ ಹಿಡಿದಾಗ ಮಸುಕು ಮೂಡುತ್ತದಲ್ಲ, ಹಾಗೆ ಅಕ್ಷರ ಅಕ್ಷರವಾಗಿ ಮೂಡುತ್ತಿತ್ತು. ಗೋಡೆಯ ಮೇಲೆ ಕೂತದ್ದೇ ಊರಿಗೆ ನಿಜ. ಇಂಥವಳಿಗೆ ಮದುವೆಯಾಯಿತು, ಇಂಥವನ ಹೊಲ ಇಲ್ಲಿಗೆ ಮುಗಿಯಿತು, ಇಂಥವನು ಸತ್ತ ಎಂದು ಹೇಳಲು ಎರಡು ಬಾಯಿ ಬೇಕು. ಗೋಡೆ ಒಪ್ಪದ ಮಾತನ್ನು ಯಾರೂ ಎತ್ತಿ ಆಡುತ್ತಿರಲಿಲ್ಲ.

ಎಂಟು ದಿನಕ್ಕೊಮ್ಮೆ ಗೋಡೆಯನ್ನು ತೊಳೆಯಬೇಕು. ತೊಳೆಯುವವಳನ್ನು ಊರು ಗೋಡೆಯಕ್ಕ ಎಂದು ಕರೆಯುತ್ತಿತ್ತು. ನಲವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನು ಮಾಡಿದ್ದಳು. ಅವನು ಈಗ ಊರ ಕಾವಲುಗಾರ. ಬೆಳಿಗ್ಗೆ ಹೊತ್ತು ಏರುವ ಮುಂಚೆ ಅವಳು ಕೊಡ ಹೊತ್ತು ಬರುವಳು. ತೆಂಗಿನ ನಾರನ್ನು ನೀರಲ್ಲಿ ಅದ್ದಿ ಬಲದಿಂದ ಎಡಕ್ಕೆ ಒಮ್ಮೆ, ಎಡದಿಂದ ಬಲಕ್ಕೆ ಒಮ್ಮೆ, ಮೇಲಿಂದ ಕೆಳಕ್ಕೆ ಒಮ್ಮೆ ಉಜ್ಜುವಳು. ಏನು ಬರೆದಿದೆ ಎಂದು ಓದುವ ರೂಢಿ ಅವಳಿಗಿರಲಿಲ್ಲ. ಓದಿದರೆ ಕೈ ನಿಧಾನವಾಗುತ್ತದೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು.

ದಂಡೆಯಲ್ಲಿ ನೀಲಿಗೈಯವರಿದ್ದರು. ಅವರ ಮುತ್ತಜ್ಜಂದಿರು ದಿಬ್ಬದವರ ಬಟ್ಟೆಗಳನ್ನು ನೀಲಿಯ ಬಾನಿಗಳಲ್ಲಿ ಅದ್ದುತ್ತಿದ್ದರಂತೆ. ಬಾನಿಗಳು ಒಣಗಿ ಎಷ್ಟೋ ತಲೆಮಾರು ಕಳೆದಿತ್ತು. ಆದರೂ ದಂಡೆಯಲ್ಲಿ ಹುಟ್ಟುವ ಪ್ರತಿ ಕೂಸಿನ ಕೈ ಮಣಿಕಟ್ಟಿನವರೆಗೆ ನೀಲಿಯಾಗಿಯೇ ಇರುತ್ತಿತ್ತು. ನೀಲಿಗೈಯವರು ದಿಬ್ಬಕ್ಕೆ ನೀರು ತರಬಹುದು, ಸೌದೆ ತರಬಹುದು. ಅಂಗಳದಲ್ಲಿ ನಿಲ್ಲುವಂತಿರಲಿಲ್ಲ. ಹೀಗಾಗಿ ಅವರ ಯಾವ ಮಾತೂ ಯಾವತ್ತೂ ಗೋಡೆಯ ಮೇಲೆ ಕೂತಿರಲಿಲ್ಲ. ಅದು ಅನ್ಯಾಯ ಎಂದು ದಿಬ್ಬದಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಗೋಡೆಯಕ್ಕನಿಗೂ ಅನ್ನಿಸಿರಲಿಲ್ಲ.

ಆ ವರ್ಷ ಉಸಿರು ಬೇನೆ ಬಂತು.

ಬೆಳಿಗ್ಗೆ ಮಾತಾಡಿದವರು ಸಂಜೆಗೆ ಏದುಸಿರು ಬಿಟ್ಟರು, ಮೂರನೆಯ ದಿನ ತಣ್ಣಗಾದರು. ಊರಿಗೆ ಮದ್ದು ಕೊಡುತ್ತಿದ್ದ ಹೆಂಗಸನ್ನು ಮದ್ದಿನಮ್ಮ ಎನ್ನುತ್ತಿದ್ದರು. ಊಟ ನಿದ್ದೆ ಬಿಟ್ಟು ಬೀದಿ ಬೀದಿ ಸುತ್ತಿ ಅವಳು ಕಟ್ಟಳೆ ಹೇಳಿದಳು: ಬಾಯಿ ಮೂಗಿಗೆ ಬಟ್ಟೆ ಕಟ್ಟಿ, ಗುಂಪು ಸೇರಬೇಡಿ, ಒಬ್ಬರ ಉಸಿರು ಇನ್ನೊಬ್ಬರಿಗೆ ತಾಕದಿರಲಿ. ಊರು ಕೇಳಿತು. ದಂಡೆಯಿಂದ ದಿಬ್ಬಕ್ಕೆ ಹತ್ತುವ ಮೆಟ್ಟಿಲುಗಳ ಮೇಲೆ ಕಾವಲು ಬಿತ್ತು. ಅಂಗಳ ಖಾಲಿಯಾಯಿತು. ಎಂಟನೆಯ ದಿನ ಗೋಡೆಯಕ್ಕ ಕೊಡ ಹೊತ್ತು ಬಂದು ನೋಡಿದರೆ ಗೋಡೆಯ ಮೇಲೆ ಒಂದಕ್ಷರವಿಲ್ಲ. ಆದರೂ ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಉಜ್ಜಿದಳು. ಕಲ್ಲು ಬಾಯಿ ಬಿಟ್ಟು ಕಾಯುತ್ತಿರುವ ಹಾಗೆ ಅವಳಿಗೆ ಕಂಡಿತು. ಬೇಗ ಬೇಗ ಮನೆಗೆ ಬಂದಳು.

ಬೇನೆ ಬಂದ ಎರಡನೆಯ ತಿಂಗಳು ದಂಡೆಯ ಅಂಬಿಗನೊಬ್ಬ ಮೆಟ್ಟಿಲ ಮೇಲೆ ಸತ್ತ. ಅದೇ ಮಧ್ಯಾಹ್ನ ಊರ ಯಜಮಾನ ಮತ್ತು ಆರು ಜನ ಹಿರಿಯರು ಅಂಗಳದಲ್ಲಿ ದೂರ ದೂರ ನಿಂತು, ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಒಟ್ಟಿಗೆ ಹೇಳಿದರು: "ಅಂಬಿಗ ಬೇನೆಯಿಂದ ಸತ್ತ." ಗೋಡೆ ಬರೆದುಕೊಂಡಿತು.

"ಇದನ್ನ ಸದ್ಯಕ್ಕೆ ತೊಳೀಬೇಡಮ್ಮ," ಎಂದ ಯಜಮಾನ. "ನಾಲ್ಕು ಜನ ಓದ್ಲಿ."

ಅವಳು ತಲೆಯಾಡಿಸಿದಳು.

ಮನೆಗೆ ಬಂದರೆ ತಮ್ಮ ಮೂಲೆಯಲ್ಲಿ ಕೂತಿದ್ದ. ಅವನ ಕೈಗಳು ತಲೆಯ ಹಿಂದೆ ಏನನ್ನೋ ತಡಕುತ್ತಿದ್ದವು.

"ಅಕ್ಕ, ಈ ಗಂಟು ಬಿಚ್ಚು. ನನ್ನ ಕೈಲಿ ಆಗ್ತಿಲ್ಲ."

ಅವನ ಬಾಯಿಗೆ ಕಟ್ಟಿದ್ದ ಬಟ್ಟೆಯ ಗಂಟನ್ನು ಅವಳು ಉಗುರಿಂದ ಎಬ್ಬಿಸಿದಳು, ಹಲ್ಲಿಂದ ಕಚ್ಚಿದಳು. ಕತ್ತರಿ ತಂದಳು. ಕತ್ತರಿ ಬಟ್ಟೆಯ ಮೇಲೆ ನೀರಿನ ಮೇಲೆ ಜಾರಿದ ಹಾಗೆ ಜಾರಿತು. ಮಾರನೆಯ ದಿನ ಗಂಟು ಇನ್ನಷ್ಟು ಬಿಗಿಯಾಗಿತ್ತು. ಬಟ್ಟೆಯ ಅಂಚಿನಿಂದ ಗಂಜಿಯನ್ನು ಹನಿ ಹನಿಯಾಗಿ ಇಳಿಸಿದಳು. "ಏನಾಯ್ತೋ?" ಎಂದು ಕೇಳಿದರೆ ಅವನು ಮನೆಯ ಗೋಡೆಗೆ ಮುಖ ತಿರುಗಿಸಿ ಮಲಗುತ್ತಿದ್ದ.

ನಾಲ್ಕನೆಯ ದಿನ ನೀಲಿಗೈಯವರು ಮೆಟ್ಟಿಲು ಹತ್ತಿ ಬಂದರು.

ಒಬ್ಬಿಬ್ಬರಲ್ಲ, ಇಡೀ ದಂಡೆಯೇ ಎದ್ದು ಬಂದಿತ್ತು. ಎಲ್ಲರ ಬಾಯಿಗೂ ಬಟ್ಟೆಯಿತ್ತು. ಕಾವಲುಗಾರರು ತಡೆಯಲು ಹೋಗಿ, ಅಷ್ಟು ನೀಲಿ ಕೈಗಳನ್ನು ಒಟ್ಟಿಗೆ ನೋಡಿ ಹಿಂದೆ ಸರಿದರು. ಯಾರೂ ಕಲ್ಲು ಎಸೆಯಲಿಲ್ಲ, ಬಾಗಿಲು ಒದೆಯಲಿಲ್ಲ. ಅಂಗಳದ ತುಂಬ ನಿಂತರು. ಅಂಗಳ ಚಿಕ್ಕದಾದ್ದರಿಂದ ಭುಜಕ್ಕೆ ಭುಜ ತಾಗಿತು. ಮುಂದೆ ಅಂಬಿಗನ ಹೆಂಡತಿ, ಅವಳ ಸೆರಗು ಹಿಡಿದ ಏಳೆಂಟು ವರ್ಷದ ಮಗಳು.

ಮದ್ದಿನಮ್ಮ ಓಡಿ ಬಂದಳು. "ಯಾಕಮ್ಮ ಹೀಗೆ ಮಾಡ್ತೀರಿ? ನಿಮ್ಮ ಮಾತು ಬೇಡ ಅಂತಲ್ಲ, ಗುಂಪು ಬೇಡ. ನಾಳೆ ನಿಮ್ಮ ಮಕ್ಕಳೇ ಮಲಗ್ತಾರೆ. ನಾನು ಎಷ್ಟು ಜನರ ಕಣ್ಣು ಮುಚ್ಚಲಿ?"

"ಒಬ್ಬಳೇ ಬಂದು ಹೇಳಿದ್ರೆ ಗೋಡೆ ಕೇಳುತ್ತಾ ತಾಯಿ?" ಎಂದಳು ಅಂಬಿಗನ ಹೆಂಡತಿ.

ಮದ್ದಿನಮ್ಮ ಗೋಡೆಯ ಕಡೆ ನೋಡಿದಳು.

"ಒಬ್ಬೊಬ್ಬರೇ ಹೇಳಿದ್ರೆ ಗಾಳಿಗೆ ಹೋಗುತ್ತೆ. ಒಟ್ಟಿಗೆ ಹೇಳಿದ್ರೆ ಬೇನೆ ಬರುತ್ತೆ. ಎಲ್ಲಿ ನಿಂತು ಹೇಳ್ಬೇಕು, ನೀವೇ ಒಂದು ಜಾಗ ತೋರಿಸಿ. ಅಲ್ಲಿಗೇ ಹೋಗ್ತೀವಿ."

ಅಂಥ ಜಾಗ ಊರಲ್ಲಿ ಇರಲಿಲ್ಲ. ನೀಲಿಗೈಯವರು ಗೋಡೆಯ ಕಡೆ ತಿರುಗಿ ಒಂದೇ ಉಸಿರಿಗೆ ಹೇಳಿದರು: "ನಮ್ಮದೂ ಉಸಿರು."

ಕೂಗಲಿಲ್ಲ, ಹೇಳಿದರು ಅಷ್ಟೆ. ಆದರೂ ದಿಬ್ಬದ ಮನೆಗಳಲ್ಲಿ ಮುಚ್ಚಿದ ಕಿಟಕಿಗಳು ಅದುರಿದವು. ಗೋಡೆಯ ಈ ತುದಿಯಿಂದ ಆ ತುದಿಗೆ, ಆಳೆತ್ತರದ ಅಕ್ಷರಗಳಲ್ಲಿ ಮಾತು ಕೂತಿತು. ಬಂದ ಹಾಗೆಯೇ ಅವರು ಇಳಿದು ಹೋದರು.

ಅವತ್ತಿನಿಂದ ದಿಬ್ಬದ ಬಾಯಿಗಳಿಗೆ ಕೆಲಸ ಬಂತು. ಬಾವಿಕಟ್ಟೆಯಲ್ಲಿ, ಹಿತ್ತಿಲಲ್ಲಿ, ಗಂಡ ಹೆಂಡಿರ ನಡುವೆ ಅದೇ ಮಾತು. "ಅವರದೂ ಉಸಿರು ಅಂದ್ರೆ ನಮ್ಮದು ಉಸಿರಲ್ವಾ?" ಎಂದರು ಕೆಲವರು. "ನಿಮ್ಮದಲ್ಲ ಅಂತ ಅವರು ಎಲ್ಲಿ ಅಂದ್ರು? ತಮ್ಮದೂ ಅಂದ್ರು," ಎಂದರು ಇನ್ನು ಕೆಲವರು. "ಮಾತು ಸರಿ, ಬಂದ ಹೊತ್ತು ಸರಿಯಿಲ್ಲ" ಎನ್ನುವವರೂ ಇದ್ದರು. ಸರಿಯಾದ ಹೊತ್ತು ಯಾವುದು ಎಂದು ಕೇಳಿದರೆ ಅವರು ಆಕಾಶ ನೋಡುತ್ತಿದ್ದರು. ಒಂದೇ ಒಲೆಯ ಅನ್ನ ಉಣ್ಣುವವರು ಬೇರೆ ಬೇರೆ ಕೋಣೆಯಲ್ಲಿ ಕೂತು ಉಂಡರು.

ಎರಡು ದಿನ ಬಿಟ್ಟು ಯಜಮಾನ ಒಂದು ಉಪಾಯ ಹೇಳಿದ. ದಿಬ್ಬದ ಮನೆಗಳೆಲ್ಲ ಅಂಗಳದ ಸುತ್ತಲೇ ಇದ್ದವು. ಹೊಸಿಲಲ್ಲಿ ನಿಂತು ಆಡಿದರೂ ಅದು ಅಂಗಳದ ಮಾತೇ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ದಿಬ್ಬದವರು ತಮ್ಮ ತಮ್ಮ ಬಾಗಿಲಲ್ಲಿ, ಹೆಂಡತಿ ಮಕ್ಕಳ ಜೊತೆ, ಯಾರಿಗೂ ಯಾರ ಉಸಿರೂ ತಾಕದ ಹಾಗೆ ನಿಂತು ಒಟ್ಟಿಗೆ ಕೂಗಿದರು: "ಎಲ್ಲರದೂ ಉಸಿರು."

ನೀಲಿಗೈಯವರ ಅಕ್ಷರಗಳ ಮೇಲೆ ಈ ಅಕ್ಷರಗಳು ಬಂದು ಕೂತವು. ಓದಿದರೆ ತಪ್ಪೇನೂ ಇಲ್ಲದ ಮಾತು. ಆದರೆ ಗೋಡೆಯ ಮುಂದೆ ಹಾದುಹೋದ ಗೋಡೆಯಕ್ಕನಿಗೆ, ಮಲಗಿದವನ ಮುಖದ ಮೇಲೆ ದಿಂಬು ಇಟ್ಟದ್ದನ್ನು ನೋಡಿದ ಹಾಗಾಯಿತು.

ಮಾರನೆಯ ಬೆಳಿಗ್ಗೆ ಯಜಮಾನ ಅವಳನ್ನು ಕರೆಸಿದ. "ಅಡಿಯ ಮಾತನ್ನ ತೊಳಿ. ಮೇಲಿನದು ಇರ್ಲಿ."

"ಒಂದರ ಮೇಲೊಂದು ಕೂತಿವೆ ಸ್ವಾಮಿ. ಹೆಂಗೆ ಬೇರೆ ಮಾಡ್ಲಿ?"

"ನಿನಗೆ ಗೊತ್ತಿರುತ್ತೆ. ನಿನ್ನ ಕೆಲಸ ಅಲ್ವಾ ಅದು?"

ಅವಳು ನಾರನ್ನು ಅದ್ದಿ ಬಲದಿಂದ ಎಡಕ್ಕೆ ಎಳೆದಳು. ಆಗ ಮೊದಲ ಸಲ ಓದಿದಳು. ನೀಲಿಗೈಯವರ ಅಕ್ಷರಗಳು ಕಷ್ಟವಿಲ್ಲದೆ ಬಿಟ್ಟವು, ಒಂದು ಏಟಿಗೆ ಒಂದು ಅಕ್ಷರ. ಅಷ್ಟು ಸುಲಭವಾಗಿ ಯಾರ ಮಾತೂ ಅವಳ ಕೈಗೆ ಬಂದಿರಲಿಲ್ಲ. ನಾರು ಹಿಂಡಿದ ನೀರು ಕೊಡಕ್ಕೆ ಬಿತ್ತು. ತೊಳೆದು ಮುಗಿಸಿ ನೀರನ್ನು ಚರಂಡಿಗೆ ಚೆಲ್ಲಲು ಕೊಡ ಎತ್ತಿದವಳು ಹಾಗೇ ನಿಂತಳು.

ಕೊಡದ ನೀರು ಏಳುತ್ತಿತ್ತು, ಇಳಿಯುತ್ತಿತ್ತು. ನಿದ್ದೆ ಹೋದ ಮಗುವಿನ ಎದೆಯ ಹಾಗೆ ಮೆಲ್ಲಗೆ ಏಳುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು. ಅವಳು ಬಗ್ಗಿ ಕಿವಿಯಿಟ್ಟಳು. ನೂರಾರು ಜನ ಮೂಗಿನಲ್ಲಿ ಉಸಿರೆಳೆಯುವ ಸದ್ದು.

ಚೆಲ್ಲಲು ಕೈ ಬರಲಿಲ್ಲ. ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಮನೆಗೆ ತಂದಳು. ಸೊಂಟಕ್ಕೆ ಅದು ಬೆಚ್ಚಗೆ ಒತ್ತುತ್ತಿತ್ತು. ಅಡಿಗೆ ಮನೆಯಲ್ಲಿ ಇಳಿಸಿದಾಗ ತಮ್ಮ ಎದ್ದು ಬಂದು ಇಣುಕಿ ನೋಡಿದ. ನೋಡುತ್ತ ನೋಡುತ್ತ ಕುಸಿದು ಕೂತ.

"ಅವನು ಬೇನೆಯಿಂದ ಸಾಯ್ಲಿಲ್ಲ ಅಕ್ಕ," ಎಂದ.

ಅವಳು ಎದುರಿಗೆ ಕೂತಳು.

"ಮಗಳಿಗೆ ಜ್ವರ, ಕಷಾಯ ಬೇಕು ಅಂತ ಬಂದಿದ್ದ. ಆಚೆ ದಡದಿಂದ ಹುಟ್ಟು ಹಾಕ್ಕೊಂಡು ಬಂದವನು ಹಾಗೇ ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬಿಡ್ತಿದ್ದ. ಬಾಯಿ ಬಟ್ಟೆ ಜಾರಿತ್ತು. ಇವನಿಗೆ ಬೇನೆ ಹತ್ತಿದೆ ಅಂತ ಮೂವರು ಅವನ ಕೈಕಾಲು ಹಿಡಿದ್ರು, ನಾನು ಬಟ್ಟೆ ಕಟ್ಟಿದೆ. ಬಟ್ಟೆ ಒದ್ದೆಯಾಗಿತ್ತು. ಬಿಚ್ಚಿ ಸ್ವಾಮಿ ಅಂದ. ಇನ್ನೊಂದು ಬಟ್ಟೆ ಕಟ್ಟಿದೆ. ಬಿಚ್ಚಿ, ಉಸಿರಾಡೋಕೆ ಆಗ್ತಿಲ್ಲ ಅಂದ. ಆಮೇಲೆ..."

"ಆಮೇಲೆ?"

"ಅಣ್ಣಾ ಅಂದ. ನನಗಿಂತ ಹತ್ತು ವರ್ಷ ದೊಡ್ಡವನು ಅಕ್ಕ. ನೀಲಿಗೈಯವನು ನನ್ನನ್ನ ಅಣ್ಣ ಅಂತ ಕರೆದನಲ್ಲ ಅಂತ ಸಿಟ್ಟು ಬಂತು. ಮೂರನೇದು ಕಟ್ಟಿದೆ."

ಕೊಡದ ನೀರು ಏಳುತ್ತ ಇಳಿಯುತ್ತ ಇತ್ತು.

"ಯಾರು ಯಾರು ನೋಡಿದ್ರು?"

"ಮದ್ದಿನಮ್ಮ ಅಲ್ಲೇ ಇದ್ರು, ಬಟ್ಟೆ ಹಂಚ್ತಾ. ಬಿಚ್ಚೋಕೆ ಓಡಿ ಬಂದ್ರು. ಅಷ್ಟ್ರಲ್ಲಿ ಮುಗಿದಿತ್ತು. ಬಟ್ಟೆ ಒಬ್ಬನ್ನ ಕೊಂದಿತು ಅಂತ ಗೊತ್ತಾದ್ರೆ ಊರೆಲ್ಲ ಬಟ್ಟೆ ಕಿತ್ತು ಬಿಸಾಡುತ್ತೆ, ಮನೆಗೊಂದು ಹೆಣ ಬೀಳುತ್ತೆ ಅಂತ ಅತ್ರು. ಆಮೇಲೆ ಅವರೇ ಹೋಗಿ ಬೇನೆ ಅಂತ ಯಜಮಾನರಿಗೆ ಹೇಳಿದ್ರು."

ಗೋಡೆಯಕ್ಕ ಅವನ ಕೈ ಹಿಡಿದಳು. "ಏಳು. ಅಂಗಳಕ್ಕೆ ಬಾ. ನೀನೂ ನಾನೂ ಒಟ್ಟಿಗೆ ಹೇಳೋಣ. ಎರಡು ಬಾಯಿ ಸಾಕು."

ಅವನು ಕೈ ಬಿಡಿಸಿಕೊಂಡ. "ನನ್ನನ್ನ ಕಲ್ಲಿಗೆ ಕಟ್ಟಿ ಹೊಳೆಗೆ ಹಾಕ್ತಾರೆ. ನೀನೇ ಸಾಕಿದ್ದಲ್ವಾ ನನ್ನ? ನೀನೇ ಹಾಕಿಸ್ತೀಯಾ?"

ಗೋಡೆಯಕ್ಕ ಆ ಮಧ್ಯಾಹ್ನವೆಲ್ಲ ಒಲೆ ಹಚ್ಚದೆ ಕೂತಳು. ಇವನಿಗೆ ಮೊದಲ ಹಲ್ಲು ಬಂದಾಗ ತನ್ನ ಬೆರಳು ಕಚ್ಚಿದ್ದು ನೆನಪಾಯಿತು. ಎದುರಿಗೆ ಅದೇ ಬಾಯಿ ಬಟ್ಟೆಯ ಹಿಂದೆ ಇತ್ತು. ಬಿಸಿಲು ಬಾಗಿಲಿನ ಆಚೆ ಸರಿದಾಗ ಅವಳು ಎದ್ದು, ತನ್ನ ಬಟ್ಟೆ ಕಟ್ಟಿಕೊಂಡು, ಕೊಡ ಎತ್ತಿಕೊಂಡು ಮೆಟ್ಟಿಲಿಳಿದಳು.

ದಂಡೆಗೆ ಅವಳು ಹೋದದ್ದು ಅದೇ ಮೊದಲು. ಎಲ್ಲ ಬಾಗಿಲುಗಳೂ ಅವಳು ಹತ್ತಿರ ಬಂದ ಹಾಗೆ ಮುಚ್ಚಿಕೊಂಡವು. ಅಂಬಿಗನ ಹೆಂಡತಿ ಮಾತ್ರ ಹೊಸಿಲ ಮೇಲೆ ಕೂತೇ ಇದ್ದಳು. ಗೋಡೆಯಕ್ಕ ದೂರದಲ್ಲಿ ಕೊಡ ಇಳಿಸಿದಳು.

"ಇದು ನಿಮ್ಮದು. ಚೆಲ್ಲೋಕೆ ಆಗ್ಲಿಲ್ಲ," ಎಂದಳು.

ಅಂಬಿಗನ ಹೆಂಡತಿ ಕೊಡವನ್ನೂ ನೋಡಿದಳು, ಇವಳನ್ನೂ ನೋಡಿದಳು. "ತೊಳೆದವಳು ನೀನೇ ಅಲ್ವಾ?"

"ನಾನೇ."

"ಈಗ್ಯಾಕೆ ಬಂದೆ? ನಾನು ನಿನ್ನ ಸಮಾಧಾನ ಮಾಡ್ಬೇಕಾ?"

ಗೋಡೆಯಕ್ಕ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಮೂರು ಬಟ್ಟೆ, ಮೂರು ಗಂಟು, ಅಣ್ಣಾ ಎಂದ ಮಾತು, ಏನನ್ನೂ ಬಿಡಲಿಲ್ಲ. ಕಟ್ಟಿದವನು ತನ್ನ ತಮ್ಮ ಎಂದೂ ಹೇಳಿದಳು. ಅಂಬಿಗನ ಹೆಂಡತಿ ತನ್ನ ನೀಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು. ಒಳಗಿಂದ ಮಗು ಕೆಮ್ಮಿತು. ಅವಳು ಒಳಕ್ಕೆ ಒಮ್ಮೆ ತಿರುಗಿ ನೋಡಿ ಕೇಳಿದಳು.

"ಗೋಡೆ ಮುಂದೆ ಹೇಳ್ತೀಯಾ?"

"ನೀನು ಜೊತೆಗೆ ಹೇಳಿದ್ರೆ."

"ಏನಂತ ಹೇಳೋದು? ನನ್ನ ಗಂಡನ್ನ ಕೊಂದ್ರು ಅಂತ ನಾನು ಹೇಳ್ತೀನಿ. ನನ್ನ ಗಂಡ ಅಂತ ನೀನು ಹೇಗೆ ಹೇಳ್ತೀಯಾ?"

"ನನ್ನ ತಮ್ಮ ಕೊಂದ ಅಂತ ನೀನು ಹೇಗೆ ಹೇಳ್ತೀಯಾ?" ಎಂದಳು ಗೋಡೆಯಕ್ಕ.

ಇಬ್ಬರೂ ಹೊಳೆಯ ಕಡೆ ನೋಡಿದರು. ಆ ಊರಲ್ಲಿ ಹೊರಗಿನವರ ಹೆಸರು ಯಾರೂ ಹಿಡಿಯುತ್ತಿರಲಿಲ್ಲ. ಅಂಬಿಗ, ಅಕ್ಕ, ಯಜಮಾನ, ಅಷ್ಟೆ. ಹೆಸರು ಮನೆಯೊಳಗಿನ ಒಡವೆ.

"ಹೆಸರು ಹಿಡಿದೇ ಹೇಳ್ಬೇಕು," ಎಂದಳು ಅಂಬಿಗನ ಹೆಂಡತಿ. "ಈರಬೋರ ಅಂತ ಅವನ ಹೆಸರು."

ಗೋಡೆಯಕ್ಕ ಆ ಹೆಸರನ್ನು ಒಮ್ಮೆ ಬಾಯೊಳಗೆ ಆಡಿ ನೋಡಿದಳು. ತನ್ನ ತಮ್ಮನ ಹೆಸರು ಹೊರಡಲು ತಡವಾಯಿತು. "ಸಣ್ಣಯ್ಯ."

ಹೊತ್ತು ಮುಳುಗುವ ಮುಂಚೆ ಅವಳು ಮೆಟ್ಟಿಲು ಹತ್ತಿದಳು. ಕೊಡ ದಂಡೆಯಲ್ಲೇ ಉಳಿಯಿತು.

ಮರುದಿನ ಬಿಸಿಲು ಏರಿದ ಮೇಲೆ, ಎಲ್ಲರೂ ನೋಡಲಿ ಎಂದೇ, ಇಬ್ಬರೂ ಅಂಗಳಕ್ಕೆ ಬಂದರು. ಗೋಡೆಯಕ್ಕ ಮುಂದೆ ನಡೆದಿದ್ದರಿಂದ ಮೆಟ್ಟಿಲ ಕಾವಲಿನವರು ತಡೆಯಲಿಲ್ಲ. ಒಬ್ಬಳು ಮೂಡಣ ಅಂಚಿಗೆ, ಇನ್ನೊಬ್ಬಳು ತೆಂಕಣ ಅಂಚಿಗೆ ನಿಂತಳು. ಒಬ್ಬಳ ಉಸಿರು ಇನ್ನೊಬ್ಬಳಿಗೆ ತಾಕದಷ್ಟು ದೂರ. ಅಂಬಿಗನ ಹೆಂಡತಿ ಬಲಗೈ ಎತ್ತಿದಳು. ನೀಲಿ ಕೈ ಇಳಿದ ಕೂಡಲೇ ಇಬ್ಬರೂ ಹೇಳಿದರು:

"ಕಾವಲುಗಾರ ಸಣ್ಣಯ್ಯ ಅಂಬಿಗ ಈರಬೋರನ ಬಾಯಿ ಕಟ್ಟಿ ಕೊಂದ."

ಗೋಡೆ ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಅದು ಉಸಿರೆಳೆದುಕೊಂಡ ಸದ್ದನ್ನು ದಿಬ್ಬದವರೆಲ್ಲ ಕೇಳಿದರು. ಹಿರಿಯರ ಮಾತಿನ ಪಕ್ಕದಲ್ಲಿ ಈ ಮಾತು ಕೂತಿತು. ಎರಡೇ ಬಾಯಿಯ ಮಾತು, ಅಕ್ಷರಗಳು ಸಣ್ಣವು. ಆದರೆ ಮೊದಲ ಬಾರಿಗೆ ಗೋಡೆಯ ಮೇಲೆ ಎರಡು ನಿಜಗಳು ಎದುರು ಬದುರು ಕೂತಿದ್ದವು.

ಬಾಗಿಲುಗಳು ತೆರೆದವು. ಯಜಮಾನ ಹೊಸಿಲು ದಾಟಿ ಬಂದ.

"ತೊಳಿ," ಎಂದ.

"ಇಲ್ಲ ಸ್ವಾಮಿ."

"ನಿನ್ನ ತಮ್ಮ ಕಣೇ ಅವನು! ನಿನ್ನ ರಕ್ತ!"

"ಅದಕ್ಕೇ ತೊಳೆಯೋಲ್ಲ."

ಯಜಮಾನ ಸುತ್ತ ತಿರುಗಿ ಕೈ ಬೀಸಿದ. ಅವತ್ತು ಸಂಜೆ ಕೂಗಿದ್ದನ್ನೇ ಮತ್ತೆ ಕೂಗಲಿ, ಈ ಸಣ್ಣ ಅಕ್ಷರ ಮುಚ್ಚಿಹೋಗಲಿ ಎಂಬುದು ಅವನ ಲೆಕ್ಕ. ಸಿಟ್ಟಿಗೆ ದಿಬ್ಬದವರು ಹೊಸಿಲು ಮರೆತರು. ಗುಂಪು ಬೇಡ ಎಂದು ನಾಲ್ಕು ದಿನದಿಂದ ಬೈಯುತ್ತಿದ್ದವರೇ ಗುಂಪಾಗಿ ಅಂಗಳಕ್ಕೆ ಇಳಿದರು. ಕೆಲವರ ಬಟ್ಟೆ ಗಲ್ಲಕ್ಕೆ ಜಾರಿತ್ತು. "ಎಲ್ಲರದೂ ಉಸಿರು! ಎಲ್ಲರದೂ ಉಸಿರು!" ಗೋಡೆ ಬಿಳಿಚಿ ಹೋಯಿತು. ಅಕ್ಷರದ ಮೇಲೆ ಅಕ್ಷರ ಬಿದ್ದು ಮಂಜಿನ ಹಾಗೆ ಕಟ್ಟಿಕೊಂಡಿತು. ಏನನ್ನೂ ಓದಲಾಗಲಿಲ್ಲ.

ಕೂಗಿ ಕೂಗಿ ಅವರಿಗೆ ಉಸಿರು ಕಟ್ಟಿತು. ಆ ಬಿಡುವಿನಲ್ಲಿ ಕಾವಲುಗಾರ ಅಂಗಳದ ನಡುವೆ ನಡೆದು ಬಂದ. ಎಂಟು ದಿನ ಗಂಜಿ ನೀರಲ್ಲಿ ಬದುಕಿದ್ದ ಅವನು ಬೆತ್ತದ ಹಾಗೆ ಒಣಗಿದ್ದ. ಜನ ದಾರಿ ಬಿಟ್ಟರು. ಅವನು ಗೋಡೆಯ ಮುಂದೆ ನಿಂತ. ಬಟ್ಟೆ ಒಳಕ್ಕೆ ಹೊರಕ್ಕೆ ಆಡಿತು.

ಅದೇ ಹೊತ್ತಿಗೆ ಗುಂಪಿನ ಹಿಂದಿನಿಂದ ಮದ್ದಿನಮ್ಮ ಮುಂದೆ ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಮಾತು ಮಾಡಿಕೊಂಡಿರಲೂ ಇಲ್ಲ. ಇಬ್ಬರ ಬಾಯಿಂದಲೂ ಒಂದೇ ಗಳಿಗೆಗೆ ಮಾತು ಹೊರಟಿತು.

"ನಾನು..."

ಆಮೇಲಿನದು ಬೇರೆ ಬೇರೆಯಾಯಿತು. ನಾನು ಕಟ್ಟಿದೆ ಎಂದ ಅವನು. ನಾನು ನೋಡಿ ಸುಳ್ಳು ಹೇಳಿದೆ ಎಂದಳು ಅವಳು. ಬೇರೆಯಾದ ಮಾತು ಗಾಳಿಗೆ ಹೋಯಿತು. ಒಟ್ಟಿಗೆ ಬಂದ ಒಂದು ಪದವನ್ನು ಗೋಡೆ ಹಿಡಿದುಕೊಂಡಿತು. ಕಟ್ಟಿಕೊಂಡಿದ್ದ ಬಿಳಿ ಮಂಜು ಸೀಳಿ, ಅದರ ನಡುವೆ ಕಪ್ಪಗೆ 'ನಾನು' ಎಂಬುದು ಕಂಡಿತು. ಅಂಗಳದಲ್ಲಿ ನಿಂತ ಪ್ರತಿಯೊಬ್ಬರೂ ಅದನ್ನು ಓದಿದರು. ಮನಸ್ಸಿನಲ್ಲೇ ಓದಿದರೂ ಹೇಳಿದ್ದು ತಾನೇ ಎಂಬಂತೆ ಪ್ರತಿಯೊಬ್ಬರೂ ಬಾಯಿ ಮುಚ್ಚಿಕೊಂಡರು. ಯಜಮಾನ ಎರಡು ಸಲ ಕೈ ಎತ್ತಿದ. ಯಾರೂ ಕೂಗಲಿಲ್ಲ. ಒಬ್ಬೊಬ್ಬರಾಗಿ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಕಾವಲುಗಾರ ಅಂಬಿಗನ ಹೆಂಡತಿಯ ಮುಂದೆ ಹೋಗಿ ಬೆನ್ನು ತಿರುಗಿಸಿ, ಗಂಟು ಅವಳ ಕೈಗೆ ಸಿಗುವ ಹಾಗೆ ತಲೆ ತಗ್ಗಿಸಿದ. ಅವಳು ಆ ಗಂಟನ್ನು ನೋಡಿದಳು.

"ನನ್ನ ಕೈಲಿ ಬಿಚ್ಚಿಸ್ಕೋಬೇಡ," ಎಂದಳು. ಮೆಟ್ಟಿಲಿಳಿದು ಹೋದಳು.

ಮೆಟ್ಟಿಲ ಮೇಲಿನ ಕಾವಲನ್ನು ಊರು ತೆಗೆಯಿತು. ಸಣ್ಣಯ್ಯನನ್ನು ಹೊಳೆಗೆ ಹಾಕಲಿಲ್ಲ, ಹೊಳೆಯಾಚೆಗೆ ಕಳಿಸಿದರು. ಗಂಜಿ ಇಳಿಯುವಷ್ಟು ಮಾತ್ರ ಗಂಟು ಸಡಿಲಾಯಿತಂತೆ, ಅವನು ಬದುಕಿದ್ದಷ್ಟು ದಿನವೂ ಪೂರ್ತಿ ಬಿಚ್ಚಲಿಲ್ಲವಂತೆ. ಗೋಡೆಯಕ್ಕ ಅವನನ್ನು ದಡದವರೆಗೆ ಕಳಿಸಿ ಬಂದಳು. ಅವನು ಹಿಂತಿರುಗಿ ನೋಡಲಿಲ್ಲ. ಮದ್ದಿನಮ್ಮ ತಪ್ಪೊಪ್ಪಿಕೊಂಡದ್ದನ್ನು ಕೇಳಿ ಸ್ವಲ್ಪ ಜನ ಬಟ್ಟೆ ಕಿತ್ತೆಸೆದದ್ದು ನಿಜ, ಅವರಲ್ಲಿ ಕೆಲವರು ಸತ್ತದ್ದೂ ನಿಜ. ಬೇನೆ ಇನ್ನೂ ಎರಡು ತಿಂಗಳು ಎರಡೂ ಕಡೆಯವರನ್ನು ಕೊಂಡೊಯ್ದಿತು. ನೀಲಿಗೈಯವರು ಗುಂಪು ಸೇರಿದ್ದೇ ಕಾರಣ ಎಂದು ದಿಬ್ಬದಲ್ಲಿ ಕೆಲವರು, ದಿಬ್ಬದವರು ಅಂಗಳಕ್ಕೆ ಇಳಿದದ್ದೇ ಕಾರಣ ಎಂದು ದಂಡೆಯಲ್ಲಿ ಕೆಲವರು ಹೇಳಿದರು. ಆ ಜಗಳಕ್ಕೆ ಎರಡು ಬಾಯಿ ಒಂದಾಗಲೇ ಇಲ್ಲ.

ಗೋಡೆ ತೊಳೆಯುವ ಕೆಲಸಕ್ಕೆ ಬೇರೊಬ್ಬಳನ್ನು ಹುಡುಕಿದರು. ಬಂದವಳು ಆ ಸಣ್ಣ ಅಕ್ಷರಗಳ ಸಾಲನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ತೊಳೆದಳು. ಯಾಕೆ ಎಂದು ಯಾರೂ ಕೇಳಲಿಲ್ಲ.

ಬೇನೆ ಇಳಿದ ಮೇಲೆ ಒಂದು ಬೆಳಿಗ್ಗೆ ಅಂಬಿಗನ ಹೆಂಡತಿ ಮಗಳನ್ನು ಕರೆದುಕೊಂಡು ಅಂಗಳಕ್ಕೆ ಬಂದಳು. ಗೋಡೆಯಕ್ಕ ದೂರದ ಜಗಲಿಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದವಳು ಮೊರ ಕೆಳಗಿಟ್ಟಳು. ಹತ್ತಿರ ಹೋಗಲೋ ಬೇಡವೋ ತಿಳಿಯಲಿಲ್ಲ. ಅಂಬಿಗನ ಹೆಂಡತಿ ಅವಳನ್ನು ನೋಡಿದಳು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

ಹುಡುಗಿಗೆ ಓದು ಬರುತ್ತಿರಲಿಲ್ಲ. ತಾಯಿ ಅವಳನ್ನು ಎತ್ತಿ, ಸಾಲಿನ ನಡುವೆ ಬೆರಳಿಟ್ಟು ತೋರಿಸಿದಳು. "ಇಲ್ಲಿಂದ ಇಲ್ಲೀವರೆಗೆ. ಇದು ಅಪ್ಪ."

ಮಗು ತನ್ನ ನೀಲಿ ಅಂಗೈಯನ್ನು ಆ ನಾಲ್ಕು ಅಕ್ಷರಗಳ ಮೇಲೆ ಇಟ್ಟಿತು. ಸ್ವಲ್ಪ ಹೊತ್ತು ಹಾಗೇ ಹಿಡಿದು, ತಾಯಿಯ ಕಡೆ ತಿರುಗಿತು.

"ಅಮ್ಮಾ, ಬೆಚ್ಚಗಿದೆ."